ಕಿರಿದಾದ ಪಾದಕ್ಕೆ ಮೊದಲ ಆವೃತ್ತಿಯ ಬೂಟು

ದಿನಾಂಕ ೭ ಅಕ್ಟೋಬರ್ ೨೦೨೩, ಶನಿವಾರ. ಆಧಾರ: ಸ್ವಾರಗೇಟ ಬಸ್‌ನಿಲ್ದಾಣದ ಹಿಂದಿನ ಗಲ್ಲಿಯಲ್ಲಿರುವ ಪಾದರಕ್ಷೆಯ ಅಂಗಡಿಯೊಂದು ಕೊಟ್ಟ ಬಿಲ್ಲು. ಮಸಿ ಮಾಸಿದೆ, ಆದರೆ ದಿನಾಂಕ ಓದಲು ಬರುತ್ತದೆ. ವಾರವನ್ನು ಅಡುಗೆಮನೆಯ ಗೋಡೆಯ ಮೇಲಿನ ಮರಾಠಿ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ಅದು ಪಿತೃಪಕ್ಷದ ನಡುವಿನ ಶನಿವಾರ. ಅಂದು ನಾನು ನನ್ನ ಜೀವಮಾನದ ಅತ್ಯಂತ ಹಗುರವಾದ ಬೂಟುಗಳನ್ನು, ನನ್ನಲ್ಲಿದ್ದ ಅತ್ಯಂತ ಭಾರವಾದ ಪಾಂಡಿತ್ಯವನ್ನು ಬಳಸಿ, ಕೊಂಡುಕೊಂಡೆ.

ಪಾಂಡಿತ್ಯದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಪುಣೆಯ ಒಂದು ಸಂಶೋಧನ ಸಂಸ್ಥೆಯಲ್ಲಿ ಹಸ್ತಪ್ರತಿಗಳ ಮಧ್ಯೆ ಆಯುಷ್ಯ ಕಳೆದವನು. ಒಂದೇ ಗ್ರಂಥದ ಹಲವು ಪ್ರತಿಗಳು ಎದುರಿಗಿದ್ದಾಗ ಯಾವುದು ಹಳೆಯದು, ಯಾವುದು ನಂಬಿಕೆಗೆ ಯೋಗ್ಯ ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯ ಮೇಲೆ ಕೋಥರೂಡದ ನಮ್ಮ ಕಟ್ಟಡದಲ್ಲಿ ಎರಡು ದಾರಿಗಳು ತೆರೆದಿದ್ದವು. ಇಲ್ಲಿ ನಿವೃತ್ತರಾದವರು ಒಂದೋ ಹೌಸಿಂಗ್ ಸೊಸಾಯಿಟಿಯ ಅಧ್ಯಕ್ಷರಾಗುತ್ತಾರೆ, ಇಲ್ಲವೇ ಓಡತೊಡಗುತ್ತಾರೆ. ಅಧ್ಯಕ್ಷಗಿರಿ ಹೃದಯಕ್ಕೆ ಒಳ್ಳೆಯದಲ್ಲವೆಂದು ಕೇಳಿದ್ದರಿಂದ ನಾನು ಓಟವನ್ನು ಆರಿಸಿಕೊಂಡೆ.

ಓಟಕ್ಕೆ ನನ್ನ ಹೃದಯ ಒಪ್ಪಿತು, ಮೊಣಕಾಲು ಒಪ್ಪಿತು, ಪಾದಗಳು ಮಾತ್ರ ತಕರಾರು ತೆಗೆದವು. ನನ್ನ ಪಾದಗಳು ಕಿರಿದು. ಉದ್ದ ಎಲ್ಲರಷ್ಟೇ ಇದೆ. ಅಗಲದಲ್ಲಿ ಸೃಷ್ಟಿಕರ್ತನು ಮಾಲು ಉಳಿಸಿದ್ದಾನೆ. ಉದ್ದಕ್ಕೆ ಹೊಂದುವ ಬೂಟಿನೊಳಗೆ ನನ್ನ ಪಾದವು ಖಾಲಿ ಬಸ್ಸಿನಲ್ಲಿ ಕುಳಿತ ಒಂಟಿ ಪ್ರಯಾಣಿಕನಂತೆ ಪ್ರತಿ ತಿರುವಿಗೂ ಅತ್ತಿತ್ತ ಸರಿಯುತ್ತದೆ. ಅಗಲಕ್ಕೆ ಹೊಂದುವ ಬೂಟಿನೊಳಗೆ ಬೆರಳುಗಳನ್ನು ಮಡಚಿ ಇಡಬೇಕಾಗುತ್ತದೆ.

ಹಿಂದಿನ ವರ್ಷದ ಹತ್ತು ಕಿಲೋಮೀಟರ್ ಓಟದಲ್ಲಿ ಇದರ ಫಲ ಉಂಡಿದ್ದೆ. ಅರ್ಧ ದಾರಿಗೇ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು, ಒಡೆದು, ನಾನು ಕುಂಟುತ್ತ ನಿಂತೆ. ಇಂಥ ಓಟಗಳಲ್ಲಿ ಎಲ್ಲರಿಗಿಂತ ಹಿಂದೆ ಒಂದು ಗಾಡಿ ಬರುತ್ತದೆ. ವೇಳೆಯೊಳಗೆ ಮುಟ್ಟಲಾರದವರನ್ನು ಎತ್ತಿ ಒಳಗೆ ಕೂರಿಸಿಕೊಂಡು, ಗುರಿಯ ಹತ್ತಿರ ತಂದು, ನೆರೆದ ಜನರೆದುರು ಒಬ್ಬೊಬ್ಬರನ್ನಾಗಿ ಇಳಿಸುವುದು ಅದರ ಸೇವೆ. ನನ್ನನ್ನು ಇಳಿಸಿದಾಗ ಎದುರಿಗೆ ನನ್ನ ಹೆಂಡತಿ ನಿಂತಿದ್ದಳು, ಕೈಯಲ್ಲಿ ಹೂವಿನ ಹಾರ. ಅಷ್ಟು ಜನರ ನಡುವೆ ಆ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಆಕೆ ಅದನ್ನು ಗಾಡಿಯ ಕನ್ನಡಿಗೆ ಹಾಕಿದಳು. ಚಾಲಕನು ತುಂಬ ಸಂತೋಷಪಟ್ಟ.

ಅಂದು ಮನೆಗೆ ಬಂದು ಗುಳ್ಳೆಗೆ ಮುಲಾಮು ಹಚ್ಚುತ್ತ ಆಕೆ ತೀರ್ಪು ಕೊಟ್ಟಳು.

“ಬರೂ ವರ್ಷ ಇನ್ನೊಂದ್ಸಲ ಓಡ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮತ್ತ ಗಾಡಿಯೊಳಗ ಬಂದ್ರಿ ಅಂದ್ರ ಅವತ್ತಿಗೆ ಮುಗೀತು. ಮುಂದ ಬಾಗಲದಾಗ ಕೂತು ಪೇಪರ್ ಓದೂದು.”

“ಗಾಡಿ ಅಲ್ಲದs ವೇಳೆ ಮೀರಿ ಕಾಲಿಲೆ ಬಂದ್ರ?”

“ಕಾಲಿಲೆ ಬಂದ್ರ ಸಂಜೀಕ ಬರ್ರಿ ಬೇಕಾರ. ಗಾಡಿಯೊಳಗ ಮಾತ್ರ ಬರಬ್ಯಾಡ್ರಿ. ನನಗ ಆ ಡ್ರೈವರನ ಮಾರಿ ನೋಡಾಕ ಆಗೂದಿಲ್ಲ.”

ನನ್ನ ಹೆಂಡತಿ ಬಾಗಲಕೋಟೆಯವಳು. ಆಕೆ ಮಾತು ಕೊಟ್ಟರೆ ಮುರಿಯುವುದಿಲ್ಲ, ಬೇರೆಯವರಿಗೂ ಮುರಿಯಗೊಡುವುದಿಲ್ಲ. ಹೀಗೆ ನನ್ನ ಓಟದ ಭವಿಷ್ಯವೆಲ್ಲ ಒಂದು ಜೊತೆ ಬೂಟಿನ ಮೇಲೆ ನಿಂತಿತು.

ನಮ್ಮ ಮೇಲಿನ ಮನೆಯಲ್ಲಿ ಮೈಸೂರಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಯೆರವಡಾದ ಒಂದು ಐಟಿ ಕಂಪನಿಯಲ್ಲಿ ಕೆಲಸ, ಬೆಳಿಗ್ಗೆ ಟೇಕಡಿಯ, ಎಂದರೆ ಹತ್ತಿರದ ಗುಡ್ಡದ, ಮೇಲೆ ಓಟ. ನಾನು ಏರುವಷ್ಟರಲ್ಲಿ ಆಕೆ ಇಳಿಯುತ್ತಿರುತ್ತಾಳೆ. ನನ್ನ ಸಂಕಟ ಕೇಳಿ ಆಕೆ, “ಅಂಕಲ್, ನಿಮ್ದು ನ್ಯಾರೋ ಫೀಟ್. ನಿಮಗೆ ಲೈಟ್ ರೇಸಿಂಗ್ ಶೂಸೇ ಬೇಕು, ಅವು ಸ್ವಲ್ಪ ಸ್ನಗ್ ಆಗಿರುತ್ತೆ. ಸ್ಕ್ಯಾನ್ ಮಾಡ್ಸೋಣ ಬನ್ನಿ,” ಎಂದು ನನ್ನನ್ನು ಒಂದು ಶಾಪಿಂಗ್ ಮಾಲ್‌ನ ಬೂಟಿನಂಗಡಿಗೆ ಕರೆದೊಯ್ದಳು.

ಅಲ್ಲಿ ಗಾಜಿನ ಹಲಗೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಪರದೆಯ ಮೇಲೆ ನನ್ನ ಪಾದಗಳು ನೀಲಿ, ಹಸಿರು, ಕೆಂಪು ಬಣ್ಣಗಳಲ್ಲಿ ಮೂಡಿ, ತಿರುಗಿ, ತಮ್ಮ ಎಲ್ಲ ಮುಖಗಳನ್ನೂ ತೋರಿಸಿದವು. ನನ್ನ ಯಾವ ಪ್ರಬಂಧಕ್ಕೂ ಇಷ್ಟು ಬಣ್ಣದ ಚಿತ್ರಗಳನ್ನು ಹಾಕುವ ಯೋಗ ಬಂದಿರಲಿಲ್ಲ. ಬಹಳ ಹೊತ್ತು ಲೆಕ್ಕಹಾಕಿ ಯಂತ್ರವು ನನ್ನ ಪಾದಗಳು ಕಿರಿದು ಎಂದು ತಿಳಿಸಿತು. ಈ ಸುದ್ದಿಯನ್ನು ಮಾರಾಟಗಾರನು ಅಭಿನಂದನೆಯ ಧ್ವನಿಯಲ್ಲಿ ನನಗೆ ಓದಿ ಹೇಳಿದ.

“ಹಾಗಾದರೆ ಕಿರಿದಾದ ಬೂಟು ತೋರಿಸಿ,” ಎಂದೆ ಮರಾಠಿಯಲ್ಲಿ.

“ಅದು ಇಂಡಿಯಾದಲ್ಲಿ ಬರುವುದಿಲ್ಲ, ಸರ್.”

“ಮತ್ತೆ ಅಳೆದದ್ದು ಯಾಕೆ?”

“ಅಳತೆ ಫ್ರೀ, ಸರ್.” ಸ್ವಲ್ಪ ಯೋಚಿಸಿ, “ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಿ. ಸಾಕ್ಸಿನ ಮೇಲೆ ಆಫರ್ ಇದೆ,” ಎಂದ.

ರೋಗವನ್ನು ಬಣ್ಣಬಣ್ಣಗಳಲ್ಲಿ ತೋರಿಸಿ ಔಷಧದ ಕಪಾಟನ್ನು ಮುಚ್ಚಿಡುವ ಈ ವೈದ್ಯಶಾಲೆಗೆ ನಮಸ್ಕಾರ ಮಾಡಿ ಹೊರಬಂದೆ. ಆ ಮಧ್ಯಾಹ್ನವೇ ನಾನು ಈ ವಿಷಯವನ್ನು ಶಾಸ್ತ್ರೋಕ್ತವಾಗಿ ಸಂಶೋಧಿಸಲು ನಿಶ್ಚಯಿಸಿದೆ. ಹಾಗೆ ನಿಶ್ಚಯಿಸದಿದ್ದರೆ ಎಷ್ಟು ಒಳ್ಳೆಯದಾಗುತ್ತಿತ್ತು!

ಅಂತರ್ಜಾಲದಲ್ಲಿ ಬೂಟುಗಳ ಬಗ್ಗೆ ಬರೆಯುವವರ ಸಂಖ್ಯೆ ಬೂಟು ಹಾಕುವವರ ಸಂಖ್ಯೆಗಿಂತ ಹೆಚ್ಚಿರಬೇಕು. ಒಬ್ಬನು ಇದು ಮೋಡದಂತಿದೆ ಎಂದರೆ ಮತ್ತೊಬ್ಬನು ಹಲಗೆಯಂತಿದೆ ಎನ್ನುತ್ತಾನೆ. ಚಿತ್ರದಲ್ಲಿರುವುದು ಒಂದೇ ಬೂಟು. ಸಂದರ್ಭ ನನಗೆ ಪರಿಚಿತವೆನಿಸಿತು. ಪರಸ್ಪರ ಒಪ್ಪದ ಸಾಕ್ಷಿಗಳು, ಕಳೆದುಹೋದ ಮೂಲ, ತಮ್ಮ ಪ್ರತಿಯೇ ಶುದ್ಧವೆಂದು ಸಾಧಿಸುವ ಲಿಪಿಕಾರರು! ನಾನು ಅವರ ಹೇಳಿಕೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದೆ. ಒಂದು ಹಗುರ ಬೂಟಿನ ಚರಿತ್ರೆ ಸ್ಪಷ್ಟವಾಗಿ ಕಣ್ಣಿಗೆ ಬಿತ್ತು. ಅದರ ಮೊದಲ ಆವೃತ್ತಿ ಕಿರಿದಾಗಿತ್ತು, ಕಾಲುಚೀಲದಂತೆ ಪಾದವನ್ನು ಹಿಡಿಯುತ್ತಿತ್ತು. ಅಗಲ ಪಾದದವರು ದೂರಿದರು. ಎರಡನೆಯ ಆವೃತ್ತಿ ತುಸು ಅಗಲವಾಯಿತು. ಅವರು ಮತ್ತೆ ದೂರಿದರು. ಮೂರನೆಯದು ಇನ್ನೂ ಅಗಲ, ನಾಲ್ಕನೆಯದಕ್ಕೆ ಹಿಮ್ಮಡಿಯಲ್ಲಿ ದಿಂಬು ಬಂತು, ಐದನೆಯದರೊಳಗೆ ಒಂದು ಸಣ್ಣ ಸಂಸಾರ ಇಳಿದುಕೊಳ್ಳಬಹುದಾಗಿತ್ತು.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಂಶಯಾತೀತವಾದ ನಿಯಮವಿದೆ. ಮುಂದಿನ ಲಿಪಿಕಾರರು ತಿದ್ದುತ್ತ, ಸೇರಿಸುತ್ತ, ಎಲ್ಲರಿಗೂ ಒಪ್ಪಿಸುತ್ತ ಪಾಠವನ್ನು ಕೆಡಿಸುತ್ತಾರೆ. ಆದ್ದರಿಂದ ಅತಿ ಹಳೆಯ ಪ್ರತಿಯನ್ನು ಹುಡುಕಬೇಕು. ನನಗೆ ಬೇಕಾದದ್ದು ಆ ಬೂಟಿನ ಮೊದಲ ಆವೃತ್ತಿ. ಅದರ ತಯಾರಿಕೆ ನಿಂತು ಎಷ್ಟೋ ವರ್ಷಗಳಾಗಿವೆ ಎಂಬ ಸಂಗತಿಯಿಂದ ನಾನು ಹಿಂಜರಿಯಲಿಲ್ಲ. ಅದರಿಂದ ನನ್ನ ಉತ್ಸಾಹ ಇಮ್ಮಡಿಯಾಯಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತುವಿನ ಬಗ್ಗೆ ವಿದ್ವಾಂಸನಿಗೆ ಗೌರವ ಹುಟ್ಟುವುದಾದರೂ ಹೇಗೆ?

ಮೈಸೂರಿನ ಹುಡುಗಿ ನನ್ನ ತರ್ಕವನ್ನೆಲ್ಲ ಕೇಳಿ, “ಅಂಕಲ್, ಶೂಸು ಮ್ಯಾನುಸ್ಕ್ರಿಪ್ಟ್ ಅಲ್ಲ,” ಎಂದಳು. ಯುವಜನರಲ್ಲಿ ತರಬೇತಿಯ ಕೊರತೆ ಇರುತ್ತದೆಂದು ಸುಮ್ಮನಾದೆ.

ಊರಿನ ಹಲವು ಅಂಗಡಿಗಳು ನನ್ನನ್ನು ನಕ್ಕು ಕಳಿಸಿದ ಮೇಲೆ ಸ್ವಾರಗೇಟಿನ ಆ ಗಲ್ಲಿಗೆ ಬಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮಾಲೀಕನೊಡನೆ ಮರಾಠಿಯಲ್ಲಿ ಆರಂಭಿಸಿದೆ. ಮೊಬೈಲಿನಲ್ಲಿದ್ದ ಚಿತ್ರ ನೋಡಿ ಆತ ತಲೆ ಅಲ್ಲಾಡಿಸಿದಾಗ ನನ್ನ ಬಾಯಿಂದ “ಅಯ್ಯ, ಇಲ್ಲೂ ಇಲ್ಲೇನು!” ಎಂಬ ಉದ್ಗಾರ ಹೊರಟಿತು. ಮಾಲೀಕನ ಮುಖ ಅರಳಿತು.

“ಮೊದಲs ಹೇಳಬಾರದೇನ್ರಿ ನಮ್ಮವರಂತ! ನಾವು ಗದಗಿನವರು. ಕುಂದರ್ರಿ. ಚಾ ತಗೋರಿ. ಗೋಡೌನದಾಗ ಒಂದ್ ಜೋಡಿ ಇರಬೇಕು, ತಡೀರಿ.”

ಆತ ತಾನೇ ಒಳಗೆ ಹೋಗಿ, ಬಹಳ ಹೊತ್ತಿನ ನಂತರ, ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. ಒಳಗೆ ಕಾಗದದಲ್ಲಿ ಸುತ್ತಿದ ಬೂಟುಗಳು: ಹಳದಿ ಬಣ್ಣ, ಒಮ್ಮೆಯೂ ನೆಲ ಕಾಣದ ಅಡಿ, ನಾಲಗೆಯ ಮೇಲೆ ಯಾವ ಆವೃತ್ತಿಸಂಖ್ಯೆಯೂ ಇಲ್ಲ. ಸಂಖ್ಯೆ ಇಲ್ಲದಿರುವುದೇ ಮೊದಲ ಆವೃತ್ತಿಯ ಲಕ್ಷಣ. ಕಾಲು ತೂರಿಸಿದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಬೂಟು ನನ್ನ ಪಾದವನ್ನು ಎರಡೂ ಕಡೆಯಿಂದ ಹಿಡಿದುಕೊಂಡಿತು. ಕೈಯಲ್ಲೆತ್ತಿದರೆ ಪೆಟ್ಟಿಗೆಯೇ ಹೆಚ್ಚು ಭಾರ.

“ಹಳೇ ಮಾಲು, ಏನೂ ಆಗೂದಿಲ್ಲಲ್ಲಾ?” ಎಂದೆ, ಕೇಳಬೇಕೆಂಬ ಶಿಷ್ಟಾಚಾರಕ್ಕೆ.

“ಏನಾಗತದ್ರಿ? ಹಾಕ್ಕೊಳ್ಳದs ಇದ್ದ ಬೂಟು ಸವೀತಾವೇನ್ರಿ? ಈಗಿನ ಮಾಲು ಎಲ್ಲಾ ಬರೇ ಶೋ. ಇದು ಹಳೇ ಕಾಲದ ಗಟ್ಟಿ ಮಾಲು. ಯಾರಿಗೂ ಹಿಡಸೂದಿಲ್ಲ, ಅದಕ್ಕ ಉಳದದ. ನೋಡ್ರಿ, ನಿಮ್ಮ ಸಲುವಾಗೇ ಕಾದಾವ!”

ಒಬ್ಬ ವ್ಯಾಪಾರಿ ಹಾಗೂ ಒಬ್ಬ ಹಸ್ತಪ್ರತಿತಜ್ಞ, ತಂತಮ್ಮ ಶಾಸ್ತ್ರದ ಆಧಾರದಿಂದ, ಹಳೆಯದು ಗಟ್ಟಿ ಎಂಬ ಒಂದೇ ತೀರ್ಮಾನಕ್ಕೆ ಬಂದದ್ದು ನನಗೆ ಪ್ರಬಲ ಪುರಾವೆಯಾಗಿ ತೋರಿತು. ಆತನಿಗೆ ವರ್ಷಗಳಿಂದ ಜಾಗ ತಿನ್ನುತ್ತಿದ್ದ ಪೆಟ್ಟಿಗೆಯೊಂದು ಹೋದ ಆನಂದ, ನನಗೆ ಮೂಲಪ್ರತಿ ದೊರೆತ ಆನಂದ. ಇಬ್ಬರೂ ಒಬ್ಬರನ್ನೊಬ್ಬರು ಮೋಸಗೊಳಿಸಿದಷ್ಟು ಸಂತೋಷದಿಂದ ಬೀಳ್ಕೊಂಡೆವು.

ಮನೆಯಲ್ಲಿ ಪೆಟ್ಟಿಗೆ ಬಿಚ್ಚುವ ಮೊದಲೇ ಹೆಂಡತಿ ಅಡ್ಡಬಂದಳು.

“ಪಿತೃಪಕ್ಷದಾಗ ಯಾರರ ಹೊಸಾ ಸಾಮಾನು ತರ್ತಾರೇನ್ರಿ? ಮನ್ಯಾಗಿನ ಹಿರಿಯರು ನೆನಪದಾರೋ ಇಲ್ಲೋ?”

“ಇದು ಹೊಸಾದಲ್ಲ,” ಎಂದೆ ಗಂಭೀರವಾಗಿ. “ಹಳೇದು. ಭಾಳ ವರ್ಷದ್ದು. ಬೇಕಾದ್ರ ಪೆಟ್ಟಿಗಿ ನೋಡು.”

“ಹಳೇದಾ? ಯಾರರ ಹಾಕ್ಕೊಂಡದ್ದಾ?”

“ಯಾರೂ ಹಾಕ್ಕೊಂಡಿಲ್ಲ.”

“ಹಂಗಾರ ಹೊಸಾದೇ ಆತಲ್ಲ!”

“ಬಳಕೆಯಿಂದ ಹೊಸಾದು, ಕಾಲದಿಂದ ಹಳೇದು. ಪಕ್ಷಕ್ಕ ಕಾಲದ ಲೆಕ್ಕ.”

“ನಿಮ್ಮ ಸಂಸ್ಥಾದವರು ನಿಮಗ ಯಾಕ ಅಷ್ಟು ದೊಡ್ಡ ಬೀಳ್ಕೊಡುಗಿ ಸಮಾರಂಭ ಮಾಡಿದ್ರು ಅನ್ನೂದು ಈಗ ತಿಳೀತು,” ಎಂದು ಆಕೆ ಒಳಗೆ ಹೋದಳು. ಹಿರಿಯರಿಗೆ ಅಡ್ಡಿಯಾಗಬಾರದೆಂದು ಪೆಟ್ಟಿಗೆಯನ್ನು ನವರಾತ್ರಿಯ ಘಟಸ್ಥಾಪನೆಯವರೆಗೆ ಬಾಲ್ಕನಿಯಲ್ಲಿಡಬೇಕೆಂದು ರಾಜಿಯಾಯಿತು.

ಆ ಮೇಲೂ ನಾನು ಬೂಟುಗಳನ್ನು ರಸ್ತೆಗೆ ಇಳಿಸಲಿಲ್ಲ. ಅಪರೂಪದ ಪ್ರತಿಯನ್ನು ದಿನನಿತ್ಯ ಬಿಚ್ಚಿ ಓದುತ್ತಾರೆಯೇ? ಕಪಾಟಿನಲ್ಲಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ನುಸಿ ಬಾರದಂತೆ ಬಜೆಯ ತುಂಡು ಹಾಕಿ ಇಟ್ಟೆ. ಓಲೆಗರಿಯ ಕಟ್ಟುಗಳನ್ನು ಕಾಪಾಡಿದ ಕೈ ಇದು. ಅಭ್ಯಾಸವೆಲ್ಲ ಹಳೆಯ ಅಗಲ ಬೂಟಿನಲ್ಲಿ, ಎರಡು ಜೊತೆ ಸಾಕ್ಸಿನ ಮೇಲೆ ನಡೆಯಿತು. ವಾರಕ್ಕೊಮ್ಮೆ ಮೊದಲ ಆವೃತ್ತಿಯನ್ನು ಹಾಕಿಕೊಂಡು ನಡುಮನೆಯ ಚಾಪೆಯ ಮೇಲೆ ನಡೆದು ನೋಡಿ, ಒರೆಸಿ ಮತ್ತೆ ಒಳಗಿಡುತ್ತಿದ್ದೆ. “ಅಂಕಲ್, ರೇಸಿಗೆ ಮುಂಚೆ ಎರಡು ಸಲನಾದ್ರೂ ಹೊರಗೆ ಓಡಿ, ಪ್ಲೀಸ್,” ಎಂದು ಹುಡುಗಿ ಬೇಡಿಕೊಂಡಳು. ಅವಳಿಗೂ ಅಂದು ಅದೇ ಓಟ ಇತ್ತು, ಅವಳಿಗೆ ಬೇರೆ ಚಿಂತೆಗಳೂ ಇದ್ದವು. ಒತ್ತಾಯ ಅಷ್ಟಕ್ಕೇ ನಿಂತಿತು.

ಓಟ ಡಿಸೆಂಬರಿನ ಒಂದು ರವಿವಾರ. ಆಗಿನ ಪುಣೆಯ ಬೆಳಗಿನ ಚಳಿ ಮೊದಲ ಕಿಲೋಮೀಟರಿನವರೆಗೆ ಮಾತ್ರ ಇರುತ್ತದೆ. ಸಂಘಟಕರು ಹಿಂದಿನ ಸಂಜೆ ಒಂದು ತೆಳುವಾದ ಪಟ್ಟಿಯನ್ನು ಕೊಟ್ಟು ಎಡಬೂಟಿನ ಲೇಸಿಗೆ ಕಟ್ಟಿಕೊಳ್ಳಲು ಹೇಳಿದ್ದರು. ಓಡುವವನು ಗುರಿಯ ಕಮಾನಿನ ಕೆಳಗೆ ಹಾಸಿದ ಮ್ಯಾಟನ್ನು ದಾಟಿದಾಗ ಆ ಪಟ್ಟಿಯಿಂದ ಅವನ ವೇಳೆ ಯಂತ್ರದಲ್ಲಿ ದಾಖಲಾಗುತ್ತದೆ.

ಓಟದ ಮೊದಲರ್ಧದ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಯಾಕೆಂದರೆ ಅದು ಸುಖವಾಗಿತ್ತು. ಪಾದ ಸರಿಯಲಿಲ್ಲ, ಗುಳ್ಳೆ ಏಳಲಿಲ್ಲ. ಐದನೆಯ ಆವೃತ್ತಿಯನ್ನು ಧರಿಸಿದ ಅನೇಕ ಯುವಕರನ್ನು ನಾನು ಹಿಂದೆ ಹಾಕಿದೆ, ಪ್ರತಿಯೊಬ್ಬರನ್ನೂ ದಾಟುವಾಗ ಅವರ ಪಾಠಾಂತರಗಳ ಬಗ್ಗೆ ಮರುಕಪಟ್ಟೆ. ಅರ್ಧ ದಾಟಿದ ಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟುತ್ತಿರುವ ಸಪ್ಪಳ ಕೇಳಿತು. ವಿನಯದಿಂದ ಕೈ ಎತ್ತಿದೆ. ಚಪ್ಪಾಳೆ ನನ್ನ ಹೆಜ್ಜೆಗೆ ಸರಿಯಾಗಿ ಬೀಳುತ್ತಿತ್ತು. ನಾನು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು. ಕೆಳಗೆ ನೋಡಿದೆ. ಎಡಬೂಟಿನ ಅಡಿಯು ಮುಂದಿನಿಂದ ಬಿಚ್ಚಿಕೊಂಡು, ಮೊಸಳೆಯಂತೆ ಬಾಯಿ ತೆರೆದು ಮುಚ್ಚುತ್ತಿತ್ತು.

ಆಮೇಲೆ ಹುಡುಗಿ ವಿವರಿಸಿದಳು: ಇಂಥ ಬೂಟುಗಳ ಅಡಿಯನ್ನು ಅಂಟಿನಿಂದ ಕೂಡಿಸಿರುತ್ತಾರೆ, ಹಾಕಿಕೊಳ್ಳದೆ ಇಟ್ಟರೂ ಆ ಅಂಟು ವರ್ಷಗಳಲ್ಲಿ ಸಾಯುತ್ತದೆ. ಓಲೆಗರಿಗೆ ಈ ದೋಷವಿಲ್ಲ. ಅದನ್ನು ದಾರದಿಂದ ಕಟ್ಟಿರುತ್ತಾರೆ. ಆದರೆ ಓಲೆಗರಿಯನ್ನು ಹಾಕಿಕೊಂಡು ಯಾರೂ ಓಡುವುದಿಲ್ಲ ಎಂಬುದನ್ನು ನಾನು ನನ್ನ ತರ್ಕದಲ್ಲಿ ಪರಿಗಣಿಸಿರಲಿಲ್ಲ.

ಏಳನೆಯ ಕಿಲೋಮೀಟರಿನ ಫಲಕದ ಹತ್ತಿರ ಎಡದ ಅಡಿ ಪೂರ್ಣವಾಗಿ ಕಳಚಿ ರಸ್ತೆಯ ಮೇಲೆ ಮಲಗಿತು. ಬಲದ್ದು ಆಗಲೇ ಬಾಯಿ ಬಿಡತೊಡಗಿತ್ತು. ನಾನು ಫುಟ್‌ಪಾತಿನ ಕಟ್ಟೆಯ ಮೇಲೆ ಕುಳಿತು ಅದನ್ನು ಕರವಸ್ತ್ರದಿಂದ ಕಟ್ಟಲು ಬಹಳ ಹೊತ್ತು ಹೆಣಗಿದೆ. ನಾನು ಮರುಕಪಟ್ಟ ಯುವಕರೆಲ್ಲ ಒಬ್ಬೊಬ್ಬರಾಗಿ ನನ್ನೆದುರು ಹಾದುಹೋದರು. ಕೊನೆಗೆ ರಸ್ತೆ ಬರಿದಾಯಿತು, ಮತ್ತು ಗಾಡಿ ಬಂತು.

ಚಾಲಕ ಹಿಂದಿನ ವರ್ಷದವನೇ. ನನ್ನನ್ನು ಗುರುತಿಸಿ, ಹಳೆಯ ಗಿರಾಕಿಗೆ ಸಲ್ಲಬೇಕಾದ ನಗೆ ನಕ್ಕ. ಪಕ್ಕದಲ್ಲಿದ್ದ ಸ್ವಯಂಸೇವಕಿ ಬಾಗಿಲು ತೆರೆದಳು. “ಆಜೋಬಾ, ಯಾ, ಬಸಾ,” ಎಂದಳು. ಅಜ್ಜಾ, ಬನ್ನಿ, ಕೂತುಕೊಳ್ಳಿ ಎಂದು.

ಗಾಡಿಯ ಒಳಗೆ ಮೆತ್ತನೆಯ ಸೀಟು ಕಾಣುತ್ತಿತ್ತು. ಒಳಗೆ ಕಾಲಿಟ್ಟರೆ ನಾಳೆಯಿಂದ ಬಾಗಿಲಲ್ಲಿ ಕೂತು ಪೇಪರ್ ಓದುವುದು; ಟೇಕಡಿ ಇಲ್ಲ, ಬೆಳಗಿನ ಗಾಳಿ ಇಲ್ಲ, ಹಾಲಿನವನೊಡನೆ ಹವಾಮಾನದ ಚರ್ಚೆ. ನಾನು ಎರಡೂ ಬೂಟುಗಳನ್ನು ಕಳಚಿ, ಅಡಿಯ ಸಮೇತ ಆಕೆಯ ಕೈಗೆ ಕೊಟ್ಟೆ. “ಹೇ ಘೇಊನ ಜಾ. ಮೀ ಯೇತೋ,” ಎಂದೆ. ಇವನ್ನು ತೆಗೆದುಕೊಂಡು ಹೋಗು, ನಾನು ಬರುತ್ತೇನೆ. ಯಾರಿಗೆ ಕೊಡಬೇಕೆಂದು ಆಕೆ ಕೇಳಿದಳು. ಗುರಿಯ ಹತ್ತಿರ ಹಸಿರು ಇಳಕಲ್ ಸೀರೆ ಉಟ್ಟು, ನಿನ್ನ ಚಾಲಕನನ್ನು ದುರುಗುಟ್ಟಿ ನೋಡುವ ಹೆಣ್ಣುಮಗಳಿಗೆ, ಎಂದೆ.

ಗಾಡಿ ನನ್ನನ್ನು ದಾಟಿ ಹೋಯಿತು. ನಾನು ಸಾಕ್ಸಿನ ಮೇಲೆ ಹೊರಟೆ. ಪಾದರಕ್ಷೆಯ ತೂಕ ಈಗ ಶೂನ್ಯ. ಯಾವ ಜಾಹೀರಾತೂ ಇಷ್ಟು ಹಗುರವನ್ನು ನನಗೆ ಹೇಳಿರಲಿಲ್ಲ. ಪುಣೆಯ ರಸ್ತೆಗಳ ಬಗ್ಗೆ ನಾಗರಿಕರು ಪತ್ರಿಕೆಗೆ ಬರೆಯುವ ಪತ್ರಗಳು ಎಷ್ಟು ಸಂಯಮದಿಂದ ಕೂಡಿರುತ್ತವೆಂಬುದು ಅಂದು ಅರಿವಾಯಿತು. ಪೊಲೀಸರು ರಸ್ತೆ ತೆರೆದದ್ದರಿಂದ ಸ್ಕೂಟರುಗಳು ಬಂದವು. ನಾನು ಫುಟ್‌ಪಾತಿಗೆ ಹತ್ತಿ, ಅವಲಕ್ಕಿಯ ಪೋಹೆ ತಿನ್ನುತ್ತ ನಿಂತವರ ನಡುವೆ ದಾರಿ ಕೇಳಿಕೊಂಡು, ಓಟವೆಂದು ನಾನು ಮಾತ್ರ ಕರೆಯಬಹುದಾದ ವೇಗದಲ್ಲಿ ಮುಂದುವರಿದೆ.

ಗುರಿಯ ದೃಶ್ಯ ನನಗೆ ಚೆನ್ನಾಗಿ ನೆನಪಿದೆ. ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಗಾಳಿ ಬಿಟ್ಟಿದ್ದರು. ಅದು ನೆಲದ ಮೇಲೆ ಸುಕ್ಕುಗಟ್ಟಿ ಬಿದ್ದಿತ್ತು. ಮ್ಯಾಟನ್ನು ಸುತ್ತಿ ಟೆಂಪೋದಲ್ಲಿ ಹಾಕುತ್ತಿದ್ದರು. ಮೈದಾನದಲ್ಲಿ ಕಾಯುತ್ತ ಉಳಿದವರು ಇಬ್ಬರೇ, ಬಾಳೆಹಣ್ಣಿನ ಸಿಪ್ಪೆಗಳ ನಡುವೆ ನನ್ನ ಹೆಂಡತಿ ಹಾಗೂ ಮೈಸೂರಿನ ಹುಡುಗಿ. ಹೆಂಡತಿಯ ಎದೆಯ ಮೇಲೆ ಬೂಟುಗಳಿದ್ದವು, ಮಗುವನ್ನು ಎತ್ತಿಕೊಂಡಂತೆ. ಆಕೆಯ ಮುಖ ಬಿಳಿಚಿತ್ತು.

“ಏನ್ರಿ ಇದು! ಬೂಟು ಬಂದು ಎಷ್ಟೊತ್ತಾತು, ಮನಷ್ಯಾನs ಇಲ್ಲ! ಆ ಗಾಡಿ ಹುಡುಗಿ ಬೂಟು ಕೈಯಾಗ ಕೊಟ್ಟಕೂಡ್ಲೆ ನನ್ನ ಜೀವ ಎಲ್ಲಿ ಹೋಗಿತ್ತು ಅಂತ ಗೊತ್ತದೇನು? ದವಾಖಾನಿಗೆ ಒಯ್ದಾರ ಅಂತ ತಿಳಕೊಂಡೆ!”

“ಬರ್ತೀನಿ ಅಂತ ಹೇಳಿ ಕಳಿಸಿದ್ನಲ್ಲ.”

“ಬೂಟಿನ ಕೂಡ ಹೇಳಿ ಕಳಿಸಿದ್ರಿ?” ಆಕೆ ನನ್ನ ಪಾದಗಳನ್ನು ನೋಡಿದಳು. ಸಾಕ್ಸಿನ ಬೆರಳುಗಳು ಹರಿದು, ಕಪ್ಪಾಗಿ, ಅಲ್ಲಲ್ಲಿ ಕೆಂಪಾಗಿದ್ದವು. ಆಮೇಲೆ ಹುಡುಗಿಯ ಕಡೆಗೆ ತಿರುಗಿ, “ನೋಡವಾ, ನೀ ಸಾಕ್ಷಿ. ಕಾಲಿಲೆ ಬಂದಾರ. ಗಾಡಿಯೊಳಗ ಬಂದಿಲ್ಲ. ಮಾತು ಅಂದ್ರ ಮಾತು,” ಎಂದಳು.

“ಸೂಪರ್ ಅಂಕಲ್!” ಎಂದಳು ಹುಡುಗಿ, ಮತ್ತು ನಾನು ಓಡುವ ಹಕ್ಕನ್ನು ಉಳಿಸಿಕೊಂಡೆನೆಂದು ಭಾವಿಸಿದೆ.

ಮರುವಾರ ಸಂಘಟಕರ ಪ್ರಮಾಣಪತ್ರ ಇ-ಮೇಲಿನಲ್ಲಿ ಬಂತು. ಅದರ ಪ್ರಕಾರ ನಾನು ಓಟವನ್ನು ಗೊತ್ತಾದ ವೇಳೆಯೊಳಗೆ ಪೂರೈಸಿದ್ದೇನೆ. ನನ್ನ ವಯಸ್ಸಿನವರಲ್ಲಿ ನಾನು ಕೊನೆಯವನೂ ಅಲ್ಲ. ಹುಡುಗಿ ನಕ್ಕು ನಕ್ಕು ಕಾರಣ ಹೇಳಿದಳು: ಗಾಡಿ ಗುರಿಯ ಹತ್ತಿರ ನಿಂತಾಗ ಕಮಾನು ಇನ್ನೂ ನಿಂತಿತ್ತು. ಸ್ವಯಂಸೇವಕಿ ನನ್ನ ಬೂಟುಗಳನ್ನು ಹಿಡಿದುಕೊಂಡು, ಅದರ ಕೆಳಗಿನ ಮ್ಯಾಟನ್ನು ದಾಟಿ ನನ್ನ ಹೆಂಡತಿಯ ಕಡೆಗೆ ನಡೆದಿದ್ದಳು. ಲೇಸಿಗೆ ಕಟ್ಟಿದ್ದ ಪಟ್ಟಿ ತನ್ನ ಕರ್ತವ್ಯ ಮಾಡಿತ್ತು.

ಹೆಂಡತಿ ಪ್ರಮಾಣಪತ್ರವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

“ಈ ವ್ಯಾಳ್ಯಾಕ್ಕ ಬಂದದ್ದು ಗಾಡಿ.”

“ಹೌದು.”

“ಅಂದ್ರ ಇದರ ಪ್ರಕಾರ ನೀವು ಗಾಡಿಯೊಳಗ ಬಂದಂಗಾತು.”

“ನೀನs ಕಣ್ಣಾರೆ ನೋಡೀಯಲ್ಲ, ನಾ ಕಾಲಿಲೆ ಬಂದದ್ದು!”

“ನೋಡೇನಿ. ಆದ್ರ ನಲವತ್ತ ವರ್ಷ ನೀವು ಏನ್ ಹೇಳ್ಕೋತ ಬಂದ್ರಿ? ಕಣ್ಣಿಲೆ ಕಂಡವರ ಮಾತು ಸುಳ್ಳಾಗತದ, ಬರದಿಟ್ಟದ್ದು ಹಿಡೀಬೇಕು ಅಂತ. ನಮ್ಮಪ್ಪ ಸತ್ತ ತಿಥಿ ಸೈತ ನನ್ನ ಬಾಯಿ ಮುಚ್ಚಿಸಿ ಪಂಚಾಂಗ ನೋಡಿ ಬದಲಿ ಮಾಡಿದವರು ನೀವು.”

ನಾನು ಸಂಘಟಕರಿಗೆ ದೀರ್ಘವಾದ ಪತ್ರ ಬರೆದೆ. ಇಬ್ಬರು ಪ್ರತ್ಯಕ್ಷದರ್ಶಿಗಳ ಹೇಳಿಕೆ, ಹರಿದ ಸಾಕ್ಸಿನ ಚಿತ್ರ, ಕಮಾನು ಬಿದ್ದಿದ್ದ ಸ್ಥಿತಿಯ ವರ್ಣನೆ, ಎಲ್ಲವನ್ನೂ ಲಗತ್ತಿಸಿ, ನನ್ನ ಫಲಿತಾಂಶವನ್ನು ದಯವಿಟ್ಟು ಕೆಳಗಿಳಿಸಬೇಕೆಂದು ಕೋರಿದೆ. ತಕ್ಷಣ ಯಂತ್ರದ ಉತ್ತರ ಬಂತು: ನಿಮ್ಮ ಸಾಧನೆಗೆ ಅಭಿನಂದನೆಗಳು, ನಮ್ಮವರು ಬೇಗ ಸಂಪರ್ಕಿಸುತ್ತಾರೆ. ಹೆಂಡತಿಗೆ ತೋರಿಸಿದೆ. ಆಕೆ ಬಹಳ ಯೋಚಿಸಿ ಹೇಳಿದಳು:

“ಆತು. ಅವರ ಖರೇ ಉತ್ತರ ಬರೂ ತನಕ ಓಡ್ರಿ. ಬಂದ ಮ್ಯಾಲೆ ನೋಡೋಣು.”

ಇದನ್ನು ಬರೆಯುವ ಮುನ್ನ ಮತ್ತೊಮ್ಮೆ ಪರಿಶೀಲಿಸಿದ್ದೇನೆ. ಉತ್ತರ ಬಂದಿಲ್ಲ, ನಾನು ದಿನಾಲೂ ಟೇಕಡಿಗೆ ಹೋಗುತ್ತಿದ್ದೇನೆ. ನಾನು ಬಂದಾಗ ಕಮಾನು ನೆಲದ ಮೇಲಿತ್ತೆಂದು ನನ್ನ ನೆನಪು ಹೇಳುತ್ತದೆ, ನನ್ನ ಹೆಂಡತಿಯ ನೆನಪೂ ಹೇಳುತ್ತದೆ. ಸಂಘಟಕರ ಜಾಲತಾಣದ ದಾಖಲೆ ಇದನ್ನು ಸಮರ್ಥಿಸುವುದಿಲ್ಲ. ಅದರ ಪ್ರಕಾರ ಕಮಾನು ನಿಂತಿರುವಾಗಲೇ, ಎಡಗಾಲಿನ ಬೂಟನ್ನು ಧರಿಸಿಕೊಂಡೇ, ನಾನು ಗುರಿಯನ್ನು ದಾಟಿದ್ದೇನೆ.